ಆಟದಲ್ಲಿ ಗುರಿ ಇಡುವುದು ಹೇಗೆ?

– 7ನೇ ತರಗತಿಯ ವಿದ್ಯಾರ್ಥಿನಿ, ಭೀಮನಬೀಡು



ಈ ಸಲದ ಗೋಡೆ ಪತ್ರಿಕೆಗೆ ಆಟೋಟದ ಬಗ್ಗೆ ಒಂದು ಪಾಠ ಬರಿ ಅಂತ ನನಗೆ ಹೇಳಿದರು. ಖೋ ಖೋ ನಿಯಮ, ಕಬಡ್ಡಿ ನಿಯಮ ಎಲ್ಲಾ ಹಿಂದಿನ ಸಂಚಿಕೆಗಳಲ್ಲಿ ಬಂದುಬಿಟ್ಟಿವೆ. ಆದ್ದರಿಂದ ನಾನು ಗುರಿಯ ಬಗ್ಗೆ ಬರೆಯುತ್ತೇನೆ.

ಹೋಬಳಿ ಮಟ್ಟದ ಕ್ರೀಡಾಕೂಟ ಹತ್ತಿರ ಬರುತ್ತಿದೆ. ನಮ್ಮ ತರಗತಿಯ ಯಾರನ್ನಾದರೂ ಹಿಡಿದು "ಈ ಸಲ ನಿನ್ನ ಗುರಿ ಏನ್ಲಾ?" ಅಂತ ಕೇಳಿ ನೋಡಿ. "ಗೆದ್ಬುಡ್ಬೇಕು ಕನ" ಅಂತಾರೆ. ದೊಡ್ಡವರನ್ನು ಕೇಳಿದರೆ "ಕಪ್ ತರಬೇಕು" ಅಂತಾರೆ. ಕೇಳುವುದಕ್ಕೆ ಚೆನ್ನಾಗೇ ಇದೆ. ಆದರೆ ನಾಳೆ ಬೆಳಿಗ್ಗೆ ಮೈದಾನಕ್ಕೆ ಬಂದು ಮೊದಲು ಏನು ಮಾಡಬೇಕು ಅನ್ನುವುದು ಆ ಮಾತಿನೊಳಗೆ ಇಲ್ಲವೇ ಇಲ್ಲ. ಇನ್ನೊಂದು ವಿಷಯ ಏನೆಂದರೆ, ಗೆಲ್ಲುವುದು ನಮ್ಮೊಬ್ಬರ ಕೈಯಲ್ಲಿ ಇರುವುದಿಲ್ಲ. ಇದು ನಾನು ಸುಮ್ಮನೆ ಹೇಳುತ್ತಿರುವುದಲ್ಲ, ಲೆಕ್ಕ ಇದೆ.

ಜಾವೆಲಿನ್ ಎಸೆಯುವ ನೀರಜ್ ಚೋಪ್ರಾ ಯಾರಿಗೆ ಗೊತ್ತಿಲ್ಲ? 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು 87.58 ಮೀಟರ್ ದೂರ ಎಸೆದರು. ಚಿನ್ನದ ಪದಕ ಬಂತು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 89.45 ಮೀಟರ್ ಎಸೆದರು. ಅಂದರೆ ಮೊದಲಿಗಿಂತ 1 ಮೀಟರ್ 87 ಸೆಂಟಿಮೀಟರ್ ಜಾಸ್ತಿ. ಆದರೆ ಬಂದದ್ದು ಬೆಳ್ಳಿ. ಏಕೆಂದರೆ ಅವತ್ತು ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದುಬಿಟ್ಟಿದ್ದರು. ಬರೀ ಪದಕ ನೋಡಿದವರು "ನೀರಜ್ ಸ್ವಲ್ಪ ಇಳಿದುಬಿಟ್ಟರು" ಅನ್ನುತ್ತಾರೆ. ಅಳತೆ ನೋಡಿದವರು "ಮೇಲೆ ಹೋದರು" ಅನ್ನುತ್ತಾರೆ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ನೀರಜ್ ಅವರಿಗೆ 90 ಮೀಟರ್ ದಾಟಬೇಕು ಅಂತ ಒಂದು ಗುರಿ ಇತ್ತು. 2022ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ 89.94 ಮೀಟರ್ ಎಸೆದರು. ಇನ್ನು 6 ಸೆಂಟಿಮೀಟರ್ ಬಾಕಿ. ನಿಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲು ತೆಗೆದು ನೋಡಿ, ಅದರ ಅರ್ಧವೂ ಇಲ್ಲ. ಆ 6 ಸೆಂಟಿಮೀಟರ್‌ಗೆ ಹೆಚ್ಚುಕಮ್ಮಿ 3 ವರ್ಷ ಬೇಕಾಯಿತು. 2025ರ ಮೇ 16ರಂದು ದೋಹಾದಲ್ಲಿ 90.23 ಮೀಟರ್ ಎಸೆದು ಗುರಿ ಮುಟ್ಟಿದರು. ಅವತ್ತು ಯಾವ ಸ್ಥಾನ ಗೊತ್ತೆ? ಎರಡನೆಯದು! ಜರ್ಮನಿಯ ಜೂಲಿಯನ್ ವೆಬರ್ 91.06 ಎಸೆದರು. ಅದೇ ವರ್ಷ ಜುಲೈ 5ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ 86.18 ಮೀಟರ್ ಎಸೆದರು. ದೋಹಾದಲ್ಲಿ ಎಸೆದದ್ದಕ್ಕಿಂತ 4 ಮೀಟರ್ ಕಡಿಮೆ. ಆದರೆ ಮೊದಲ ಸ್ಥಾನ. ಹೀಗಿದೆ ನೋಡಿ ಸ್ಥಾನದ ಕಥೆ. ಎದುರಿಗೆ ಯಾರು ಬಂದಿದ್ದಾರೆ ಅನ್ನುವುದರ ಮೇಲೆ ಅದು ನಿಂತಿರುತ್ತದೆ. ನಮ್ಮ ಅಳತೆ ಮಾತ್ರ ನಮ್ಮದು.

ನಮ್ಮ ಕರ್ನಾಟಕದ ಉದಾಹರಣೆಯೂ ಇದೆ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರಿಗೆ ಕಾಲಿನಲ್ಲಿ ಊನ ಇದೆ. 2012ರಲ್ಲಿ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಪದಕ ತಂದರು. ಚಿನ್ನ ಗೆದ್ದ ಫಿಜಿ ದೇಶದವರು ಎಷ್ಟು ಹಾರಿದ್ದರು? ಅವರೂ 1.74! ಕಂಚು ಗೆದ್ದವರೂ 1.74! ಮೂವರೂ ಒಂದೇ ಎತ್ತರ ಹಾರಿದಾಗ ಯಾರು ಕಮ್ಮಿ ಸಲ ಕೋಲು ಬೀಳಿಸಿದ್ದಾರೆ ಅಂತ ನೋಡಿ ಸ್ಥಾನ ಕೊಡುತ್ತಾರೆ. ಪಿ.ಟಿ. ಉಷಾ ಅವರದು ಇನ್ನೂ ಹೊಟ್ಟೆ ಉರಿಸುವ ಕಥೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. ಆದರೆ ಅವತ್ತು ಅವರು ಓಡಿದ 55.42 ಸೆಕೆಂಡು ಭಾರತದ ದಾಖಲೆಯಾಗಿ 39 ವರ್ಷ ನಿಂತಿತ್ತು. 2023ರಲ್ಲಿ ತಮಿಳುನಾಡಿನ ವಿದ್ಯಾ ರಾಮರಾಜ್ ಅದನ್ನು ಸರಿಗಟ್ಟಿದರು. ಪದಕ ಇಲ್ಲದ ಆ ಅಂಕಿ ಎಷ್ಟು ಜನ ಹುಡುಗಿಯರಿಗೆ ಗುರಿಯಾಗಿತ್ತೋ!

ಹಾಗಾದರೆ "ನಿನ್ನ ಕೈಲಾದಷ್ಟು ಚೆನ್ನಾಗಿ ಆಡು" ಅಂತ ಹೇಳಿದರೆ ಸಾಲದೆ? ಸಾಲದು. ಇದಕ್ಕೆ ಮೇಷ್ಟ್ರು ಒಂದು ಲಾರಿಯ ಉದಾಹರಣೆ ಹೇಳಿದರು. ಆಟಕ್ಕೂ ಲಾರಿಗೂ ಏನು ಸಂಬಂಧ ಅಂತ ನಗಬೇಡಿ. ಅಮೆರಿಕದ ಒಕ್ಲಹಾಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಯವರು, ಕಾನೂನು 100 ಭಾಗ ತುಂಬಬಹುದು ಅಂದರೆ ಸುಮಾರು 60 ಭಾಗ ಮಾತ್ರ ತುಂಬಿಕೊಂಡು ಹೋಗುತ್ತಿದ್ದರು. (ನಮ್ಮ ಕಡೆಯ ಲಾರಿಗಳಿಗೆ ಈ ತೊಂದರೆಯೇ ಇಲ್ಲ!) "ಆದಷ್ಟು ತುಂಬಿ" ಅಂತ ಹೇಳಿದ್ದರಿಂದ ಏನೂ ಬದಲಾಗಲಿಲ್ಲ. ಆಮೇಲೆ "94 ಭಾಗ ತುಂಬಬೇಕು" ಅಂತ ಒಂದು ಅಂಕಿ ಕೊಟ್ಟು, ದಿನಾ ಎಷ್ಟು ತುಂಬಿದರು ಅಂತ ಲೆಕ್ಕ ಬರೆದರು. ಕೂಲಿ ಜಾಸ್ತಿ ಮಾಡಲಿಲ್ಲ. ಕೆಲವೇ ತಿಂಗಳಲ್ಲಿ 90 ಭಾಗ ದಾಟಿತು. ಗ್ಯಾರಿ ಲೇಥಮ್ ಎಂಬುವರು ಇದನ್ನು 1975ರಲ್ಲಿ ಪ್ರಕಟಿಸಿದರು. ಎಡ್ವಿನ್ ಲಾಕ್ ಎಂಬ ಇನ್ನೊಬ್ಬರ ಜೊತೆ ಸೇರಿ ಇದೇ ವಿಷಯದ ಮೇಲೆ ಬಹಳ ವರ್ಷ ಕೆಲಸ ಮಾಡಿದರು. ಖಚಿತವಾದ, ಸ್ವಲ್ಪ ಕಷ್ಟವಾದ ಗುರಿ ಇದ್ದಾಗ ಮನುಷ್ಯ ಹೆಚ್ಚು ಮಾಡುತ್ತಾನೆ, ಆದರೆ ಅವನು ಆ ಗುರಿಯನ್ನು ಮನಸ್ಸಿನಿಂದ ಒಪ್ಪಿರಬೇಕು ಅಂತ ಅವರು ಹೇಳಿದರು. ಈ ಒಪ್ಪುವ ವಿಷಯವನ್ನು ನಾನು ಮುಂದೆ ಹೇಳುತ್ತೇನೆ.

ಈಗ ನಮ್ಮ ಆಟಕ್ಕೆ ಬರೋಣ. ಖೋ ಖೋ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಹುಡುಗರ ತಂಡ, ಹುಡುಗಿಯರ ತಂಡ ಎರಡೂ ನೇಪಾಳವನ್ನು ಸೋಲಿಸಿ ಕಪ್ ಗೆದ್ದವು. ನಮ್ಮ ಮಹಿಳೆಯರ ತಂಡದಲ್ಲಿ ಆಡಿದ ಬಿ. ಚೈತ್ರಾ ನಮ್ಮ ಪಕ್ಕದ ಮೈಸೂರು ಜಿಲ್ಲೆಯವರು, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕುರುಬೂರು ನಮ್ಮೂರಿನ ಥರದ್ದೇ ಒಂದು ಹಳ್ಳಿ. ಜನವರಿ 19ರ ಫೈನಲ್‌ನಲ್ಲಿ 78–40 ಅಂಕಗಳಿಂದ ಗೆದ್ದರು. ಆ ಪಂದ್ಯದ ಉತ್ತಮ ಆಟಗಾರ್ತಿ ಪ್ರಶಸ್ತಿ ಚೈತ್ರಾ ಅವರಿಗೇ ಬಂತು.

ಆ ಫೈನಲ್‌ನ ಕೊನೆಯ ಸರದಿಯನ್ನು ಸ್ವಲ್ಪ ಬಿಡಿಸಿ ನೋಡೋಣ, ಅದರಲ್ಲಿ ಪಾಠ ಇದೆ. ಮೂರು ಸರದಿ ಮುಗಿದಾಗ ಭಾರತ 73, ನೇಪಾಳ 24. ನಾಲ್ಕನೇ ಸರದಿಯಲ್ಲಿ ನೇಪಾಳ ಅಟ್ಟುವುದು, ನಮ್ಮವರು ಓಡುವುದು. ಓಡುವವರು ಮೂರು ಮೂರು ಜನರಾಗಿ ಅಂಕಣಕ್ಕೆ ಬರುತ್ತಾರೆ ಅಂತ ನಿಮಗೆ ಗೊತ್ತು. ವಿಶ್ವಕಪ್‌ನಲ್ಲಿ ಒಂದು ನಿಯಮ ಇತ್ತು. ಒಂದು ಗುಂಪಿನ ಮೂವರೂ ಔಟಾಗದೆ 3 ನಿಮಿಷ ಉಳಿದರೆ ಓಡುವ ತಂಡಕ್ಕೇ 1 ಅಂಕ, ಆಮೇಲೆ ಪ್ರತಿ 30 ಸೆಕೆಂಡಿಗೂ ಇನ್ನೊಂದೊಂದು ಅಂಕ. ಇದಕ್ಕೆ ಡ್ರೀಮ್ ರನ್ ಅನ್ನುತ್ತಾರೆ. ಚೈತ್ರಾ ಇದ್ದ ಗುಂಪು 5 ನಿಮಿಷಕ್ಕೂ ಮೇಲೆ ಉಳಿಯಿತು. ಲೆಕ್ಕ ಹಾಕಿ: 3 ನಿಮಿಷಕ್ಕೆ ಒಂದು, ಮೂರೂವರೆಗೆ ಎರಡು, 4ಕ್ಕೆ ಮೂರು, ನಾಲ್ಕೂವರೆಗೆ ನಾಲ್ಕು, 5ಕ್ಕೆ ಐದು. 73ಕ್ಕೆ 5 ಕೂಡಿದರೆ 78. ಸರಿಯಾಯಿತು!

ಈಗ ಯೋಚಿಸಿ. ಓಡುವವಳ ತಲೆಯಲ್ಲಿ "ವಿಶ್ವಕಪ್ ಗೆಲ್ಲಬೇಕು, ವಿಶ್ವಕಪ್ ಗೆಲ್ಲಬೇಕು" ಅಂತ ಇದ್ದರೆ ಕಾಲು ಓಡುವುದಿಲ್ಲ. ಇನ್ನೊಂದು 30 ಸೆಕೆಂಡು ಉಳಿಯಬೇಕು ಅಂತ ಇದ್ದರೆ ಓಡಬಹುದು. 30 ಸೆಕೆಂಡು ಕೂಡ ದೊಡ್ಡದೇ. ಅದನ್ನೂ ಒಡೆದರೆ "ಈ ಕಂಬದಿಂದ ಆ ಕಂಬದವರೆಗೆ" ಅಂತ ಆಗುತ್ತದೆ. ಅದನ್ನೂ ಒಡೆದರೆ "ಕೂತಿರುವ ಹುಡುಗಿಯ ಮುಖ ಯಾವ ಕಡೆ ಇದೆ ನೋಡು, ಖೋ ಕೊಡುವವಳ ಕೈ ನೋಡು" ಅಂತ ಆಗುತ್ತದೆ. ಕಪ್ ಮೇಲಿನ ಗುರಿ, ಸೆಕೆಂಡು ನಡುವಿನ ಗುರಿ, ಕೈ ನೋಡುವುದು ಕೆಳಗಿನ ಗುರಿ. ಅಟ್ಟ ಹತ್ತುವಾಗ ಕೆಳಗಿನ ಮೆಟ್ಟಿಲ ಮೇಲೆ ತಾನೇ ಮೊದಲು ಕಾಲಿಡುವುದು. ಮೈದಾನದಲ್ಲಿ ದಿನಾ ಅಭ್ಯಾಸ ಮಾಡಲು ಸಿಗುವುದು ಕೆಳಗಿನದು ಮಾತ್ರ.

ನಮ್ಮ ಹುಡುಗಿಯರ ತಂಡದ ಲೆಕ್ಕ ಹೇಳುತ್ತೇನೆ. ಹೋದ ಶನಿವಾರ ಅಭ್ಯಾಸದಲ್ಲಿ ಮೊದಲ ಮೂವರು ಸೇರಿ 1 ನಿಮಿಷ 50 ಸೆಕೆಂಡು ಉಳಿದರು. ಚೈತ್ರಾ ಅವರ ಗುಂಪು 5 ನಿಮಿಷ ಉಳಿದಿದೆ, ನಾವೂ 5 ನಿಮಿಷ ಉಳಿಯೋಣ ಅಂದರೆ ಅದು ಗುರಿಯಲ್ಲ, ಬರೀ ಬಾಯಿ ಮಾತು. 2 ನಿಮಿಷ 10 ಸೆಕೆಂಡು ಅಂದರೆ? 20 ಸೆಕೆಂಡು ಹೆಚ್ಚು, ಮೂವರಿಗೆ ಹಂಚಿದರೆ ತಲೆಗೆ 7 ಸೆಕೆಂಡು. 7 ಸೆಕೆಂಡು ಅಂದರೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಒಂದು ಸಲ ಚೈನ್ ಹಾಕಿಕೊಂಡು ಹೋಗುವಷ್ಟು ಹೊತ್ತು. ಒಂದೇ ಒಂದು ಚೈನ್! ಇದನ್ನು ಕೇಳಿದಾಗ ನಮ್ಮ ಗುಂಪಿನ ಅತಿ ಸೋಮಾರಿ ಹುಡುಗಿಯೂ "ಅಷ್ಟೇಯಾ? ಆಯ್ತದೆ ಬುಡು" ಅಂದಳು.

ಅಟ್ಟುವವರಿಗೆ ಬೇರೆ ಗುರಿ ಬೇಕು. ಅವರಿಗೆ ಸೆಕೆಂಡಿಗಿಂತ ಫೌಲ್ ಎಣಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮುಟ್ಟದೆ ಖೋ ಅನ್ನುವುದು, ನಡುಗೆರೆ ದಾಟುವುದು, ಹಿಂದಕ್ಕೆ ತಿರುಗುವುದು. ಒಂದು ಫೌಲ್ ಆದರೆ ಓಡುವವಳು ಪಾರು. ಒಂದು ಸರದಿಯಲ್ಲಿ 9 ಫೌಲ್ ಆಗುತ್ತಿದ್ದರೆ ಮುಂದಿನ ವಾರ 6 ಅಂತ ಗುರಿ ಇಡಬಹುದು. ಯಾರೂ ಮೊದಲಿಗಿಂತ ವೇಗವಾಗಿ ಓಡಬೇಕಾಗಿಲ್ಲ, ಆದರೂ ತಂಡ ಮೇಲಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ತನ್ನ ಸೆಕೆಂಡನ್ನೇ ನೋಡಿಕೊಂಡು ಆಡುವ ಹುಡುಗಿ, ಜೊತೆಯವಳನ್ನು ಮುಂದೆ ಬಿಟ್ಟು ತಾನು ಮೂಲೆಯಲ್ಲಿ ಉಳಿದುಬಿಡುತ್ತಾಳೆ. ಅವಳ ಅಂಕಿ ಚೆನ್ನಾಗಿ ಕಾಣುತ್ತದೆ, ತಂಡ ಬೇಗ ಔಟಾಗುತ್ತದೆ. ಅದಕ್ಕೇ ಖೋ ಖೋದಲ್ಲಿ ಮೂವರ ಅಂಕಿಯನ್ನು ಕೂಡಿಸಿಯೇ ಬರೆಯಬೇಕು. ಓಟ, ಜಿಗಿತ, ಗುಂಡು ಎಸೆತಕ್ಕೆ ಒಬ್ಬೊಬ್ಬರದು ಬರೆದರೆ ಸರಿ.

ಇನ್ನು ಗುರಿಯನ್ನು ಯಾರು ಇಡಬೇಕು ಅನ್ನುವ ಪ್ರಶ್ನೆ. ಗುರಿ ಅಂದ ಕೂಡಲೇ ಎಲ್ಲರೂ ಹೇಳುವ ಕಥೆ ದ್ರೋಣಾಚಾರ್ಯರು ಮರದ ಮೇಲೆ ಹಕ್ಕಿ ಇಟ್ಟ ಕಥೆ. ಅರ್ಜುನನಿಗೆ ಹಕ್ಕಿಯ ತಲೆ ಮಾತ್ರ ಕಾಣಿಸಿತು, ಉಳಿದವರನ್ನೆಲ್ಲ ಗುರುಗಳು ಪಕ್ಕಕ್ಕೆ ನಿಲ್ಲಿಸಿದರು. ಹಾಗೆ ಪಕ್ಕಕ್ಕೆ ನಿಂತವರಲ್ಲಿ ಭೀಮನೂ ಇದ್ದ! ನಮ್ಮೂರಿನ ಹೆಸರಲ್ಲೇ ಭೀಮ ಇರುವುದರಿಂದ ನನಗೆ ಆ ಕಥೆ ಕೇಳಿದಾಗಲೆಲ್ಲ ಭೀಮನ ಪರವಾಗಿ ಮಾತಾಡಬೇಕು ಅನ್ನಿಸುತ್ತದೆ. ಭೀಮನಿಗೆ ಹಕ್ಕಿಯ ತಲೆ ಯಾಕೆ ಬೇಕು? ಅವನ ಕೈಗೆ ಗದೆ ಬೇಕು. ದ್ರೋಣರ ಶಿಷ್ಯರಲ್ಲಿ ಗದೆಯಲ್ಲಿ ಹೆಸರು ಮಾಡಿದವರು ಭೀಮ ಮತ್ತು ದುರ್ಯೋಧನ ತಾನೆ? ಎಲ್ಲರಿಗೂ ಒಂದೇ ಹಕ್ಕಿ ಇಟ್ಟರೆ ಒಬ್ಬ ಪಾಸು, ನೂರು ಜನ ಫೇಲು. ಒಬ್ಬೊಬ್ಬರಿಗೆ ಒಂದೊಂದು ಗುರಿ ಇಟ್ಟರೆ ಎಲ್ಲರಿಗೂ ಕೆಲಸ ಸಿಗುತ್ತದೆ.

ಇದನ್ನು ನಾನು ತಮಾಷೆಗೆ ಬರೆಯುತ್ತಿಲ್ಲ. ನಮ್ಮೂರಿನ ಒಬ್ಬ ಅಕ್ಕ ಇದ್ದಾಳೆ, ಹೆಸರು ಬೇಡ. 200 ಮೀಟರ್ ಓಟದಲ್ಲಿ ಮೊದಲ ವರ್ಷ ಆರನೆಯವಳಾಗಿ ಬಂದಳು. ಮರುವರ್ಷ ನಾಲ್ಕನೆಯವಳು. ಮೂರು ಜನಕ್ಕೆ ಮಾತ್ರ ಬಹುಮಾನ. ಮನೆಯಲ್ಲಿ "ಎರಡು ವರ್ಷ ಓಡಿದ್ದು ಸಾಕು, ಏನ್ ಬಂತು?" ಅಂದರು. ಅವಳೂ ಸುಮ್ಮನಾದಳು. ಈಗ ಅಭ್ಯಾಸದ ಹೊತ್ತಿಗೆ ಅವಳು ಚೆಂಡು ಹೂವಿನ ಹೊಲದಲ್ಲಿ ಇರುತ್ತಾಳೆ. ಅವಳು ಮೊದಲ ವರ್ಷ ಎಷ್ಟು ಸೆಕೆಂಡಿನಲ್ಲಿ ಓಡಿದಳು, ಎರಡನೇ ವರ್ಷ ಎಷ್ಟರಲ್ಲಿ ಓಡಿದಳು ಅಂತ ಎಲ್ಲೂ ಬರೆದಿಟ್ಟಿಲ್ಲ. ಒಂದು ಚೀಟಿಯಲ್ಲಿ ಬರೆದಿದ್ದರೂ ಅವರಪ್ಪನಿಗೆ ತೋರಿಸಬಹುದಿತ್ತು: "ನೋಡಿ ಮಾಮ, ನಿಮ್ಮ ಮಗಳು ಇಷ್ಟು ಮುಂದೆ ಹೋಗಿದ್ದಾಳೆ" ಅಂತ. ಏನ್ ಬಂತು ಅನ್ನುವ ಪ್ರಶ್ನೆಗೆ ಉತ್ತರ ಕೊಡಲು ಕೈಯಲ್ಲಿ ಏನೂ ಇರಲಿಲ್ಲ.

ಆದ್ದರಿಂದ ಗುರುಗಳಲ್ಲಿ ಒಂದು ಮನವಿ. ಗುರಿ ಹೇಳುವುದಕ್ಕೆ ಮೊದಲು ಈವತ್ತಿನ ಅಳತೆಯನ್ನು ಬರೆಸಿ. ಆಮೇಲೆ ನಮ್ಮನ್ನು ಕೇಳಿ. "ನಿನಗೆ ವಾರಕ್ಕೆ ಎಷ್ಟು ದಿನ ಬರೋಕಾಗುತ್ತೆ?" ಅಂತ ಕೇಳಿದರೆ ಸಾಕು, ಅರ್ಧ ಗುರಿ ಅಲ್ಲೇ ಗೊತ್ತಾಗುತ್ತದೆ. ನಮ್ಮಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವವರು ಇದ್ದಾರೆ. ಹೂ ಬಿಡಿಸುವ ಕಾಲಕ್ಕೇ ಕ್ರೀಡಾಕೂಟವೂ ಬರುತ್ತದೆ. ವಾರಕ್ಕೆ ಮೂರು ದಿನ ಬರುವವಳಿಗೆ ಆರು ದಿನದ ಗುರಿ ಕೊಟ್ಟರೆ ಅವಳು ಗುರುಗಳ ಎದುರಿಗೆ "ಹ್ಞೂ ಸಾರ್" ಅನ್ನುತ್ತಾಳೆ, ಒಳಗೆ ಒಪ್ಪಿರುವುದಿಲ್ಲ. ನಾನು ಆಗಲೇ ಹೇಳಿದ ಒಪ್ಪುವ ವಿಷಯ ಇದೇ.

ಗುರಿ ಎಷ್ಟು ದೊಡ್ಡದಿರಬೇಕು? 100 ಮೀಟರನ್ನು 16 ಸೆಕೆಂಡಿನಲ್ಲಿ ಓಡುವವಳು ಒಂದು ಸೆಕೆಂಡಿಗೆ 6.25 ಮೀಟರ್ ಹೋಗುತ್ತಾಳೆ. ಅವಳು 15.8 ಸೆಕೆಂಡಿಗೆ ಬರಬೇಕಾದರೆ 0.2 ಸೆಕೆಂಡು ಉಳಿಸಬೇಕು. 6.25 ಇಂಟು 0.2, ಅಂದರೆ 1.25 ಮೀಟರ್. ಮೊದಲಿನ ತನಗಿಂತ ಒಂದು ದೊಡ್ಡ ಹೆಜ್ಜೆ ಮುಂದೆ! ಒಂದು ತಿಂಗಳಿಗೆ ಇಷ್ಟು ಇಟ್ಟುಕೊಳ್ಳಬಹುದು. ಮುಟ್ಟಿದರೆ ಮುಂದಿನದು. ಮುಟ್ಟದಿದ್ದರೆ ಅದೇ ಗುರಿ ಇನ್ನು ಹದಿನೈದು ದಿನ. ಕಾಲು ಉಳುಕಿದ್ದರೆ, ಜ್ವರ ಬಂದಿದ್ದರೆ ಗುರಿಯನ್ನು ಮುಂದಕ್ಕೆ ಹಾಕಿ, ಅದರಲ್ಲಿ ಅವಮಾನ ಏನಿಲ್ಲ. ನೀರಜ್ 6 ಸೆಂಟಿಮೀಟರ್‌ಗೆ ಕಾದಿಲ್ಲವೆ?

ಅಳೆಯುವುದನ್ನು ಸರಿಯಾಗಿ ಅಳೆಯಬೇಕು, ಇಲ್ಲದಿದ್ದರೆ ಎಲ್ಲಾ ದಂಡ. ನಾರಿನ ಹಗ್ಗದಲ್ಲಿ ಅಳೆಯಬೇಡಿ, ಎಳೆದಂತೆ ಹಿಗ್ಗುತ್ತದೆ, ಟೇಪಿನಲ್ಲೇ ಅಳೆಯಿರಿ. ನೇರಕ್ಕೆ 100 ಮೀಟರ್ ಸಿಗದ ಕಡೆ 50 ಮೀಟರ್ ಸಾಕು, ಆದರೆ ಪ್ರತಿಸಲವೂ ಅದೇ ಜಾಗ ಇರಲಿ. ಸ್ಟಾಪ್‌ವಾಚ್ ಯಾವುದಾದರೂ ಮೊಬೈಲಿನಲ್ಲೂ ಇರುತ್ತದೆ. ಇನ್ನೊಂದು ಬಹಳ ಮುಖ್ಯ. ವಾಚ್ ಹಿಡಿದವರು ಓಟ ಮುಗಿಯುವ ಕಡೆ ನಿಂತಿರುತ್ತಾರೆ, ಸೀಟಿ ಊದುವವರು 100 ಮೀಟರ್ ಆಚೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ ಅಂತ ವಿಜ್ಞಾನದಲ್ಲಿ ಓದಿದ್ದೇವೆ. ಹಾಗಾದರೆ ಸೀಟಿ ಕಿವಿಗೆ ಬೀಳಲು ಸುಮಾರು 0.3 ಸೆಕೆಂಡು ಬೇಕು. ನಮ್ಮ ಒಂದು ತಿಂಗಳ ಗುರಿಯೇ 0.2! ಸೀಟಿ ಕೇಳಿ ವಾಚ್ ಒತ್ತಿದರೆ ಓಡದೇ ದಾಖಲೆ ಆಗಿಬಿಡುತ್ತದೆ. ಅದಕ್ಕೆ ಸೀಟಿ ಊದುವವರು ಎತ್ತಿದ ಕರ್ಚೀಫನ್ನೂ ಜೊತೆಗೇ ಕೆಳಗೆ ಬೀಸಬೇಕು, ವಾಚ್ ಹಿಡಿದವರು ಅದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ಇಬ್ಬರು ವಾಚ್ ಹಿಡಿದರೆ ಇನ್ನೂ ಒಳ್ಳೆಯದು.

ಪಟ್ಟಿ ಹೀಗೆ ಇರಬಹುದು ಅಂತ ನನ್ನ ನೋಟ್ ಬುಕ್ಕಿನಿಂದ ಒಂದು ಮಾದರಿ:

50 ಮೀಟರ್ ಓಟ – ಮೊದಲ ಶನಿವಾರ 8.9 ಸೆಕೆಂಡು – ತಿಂಗಳ ಗುರಿ 8.7 – ಕೆಲಸ: ಸೀಟಿ ಆದ ಮೇಲೆ ಮೊದಲ ಹತ್ತು ಹೆಜ್ಜೆ ತಲೆ ಎತ್ತದಿರುವುದು – ಬಂದ ದಿನ: ಸೋಮ, ಬುಧ, ಶನಿ.

ಕೆಲಸ ಅಂತ ಬರೆದಿದೆಯಲ್ಲ, ಅದನ್ನು ಯಾರೂ ಖಾಲಿ ಬಿಡಬೇಡಿ. ಅದು ಖಾಲಿ ಇದ್ದರೆ 8.7 ಅನ್ನುವುದೂ "ಗೆದ್ಬುಡ್ಬೇಕು ಕನ" ಅನ್ನುವ ಥರವೇ ಆಗುತ್ತದೆ. ಕೆಲಸ ಏನು ಅಂತ ಗೊತ್ತಾಗದಿದ್ದರೆ ಗುರುಗಳನ್ನು ಕೇಳಿ, ಅಥವಾ ನಿಮ್ಮ ಓಟವನ್ನು ನೋಡಿದ ಗೆಳತಿಯನ್ನು ಕೇಳಿ. ನಾನು ಓಡುವಾಗ ತಲೆ ಎತ್ತುತ್ತೇನೆ ಅಂತ ನನಗೆ ಹೇಳಿದ್ದು ಗೆಳತಿಯೇ.

ಈ ಪತ್ರಿಕೆಯ ಬಲಗಡೆ ಒಂದು ಬಿಳಿ ಡ್ರಾಯಿಂಗ್ ಹಾಳೆ ಅಂಟಿಸಿದ್ದೇವೆ. ಗೆರೆ ಎಳೆದಿದೆ, ಹೆಸರಿನ ಜಾಗ ಖಾಲಿ ಇದೆ. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೊದಲ ಅಳತೆ. ಐದು, ಆರು, ಏಳನೇ ತರಗತಿಯವರು ಬರಬಹುದು. ತಂಡದಲ್ಲಿ ಇಲ್ಲದವರೂ ಬರಬಹುದು. ಕರ್ಚೀಫು ಬೀಸಲು ಒಬ್ಬರು, ವಾಚ್ ಹಿಡಿಯಲು ಇಬ್ಬರು, ಬರೆಯಲು ಒಬ್ಬರು ಬೇಕು. ಬರೆಯುವ ಕೆಲಸಕ್ಕೆ ಆ ಅಕ್ಕನನ್ನು ಕೇಳಿದ್ದೇನೆ. ಹೂ ಬಿಡಿಸುವುದು ಬೇಗ ಮುಗಿದರೆ ಬರುತ್ತೇನೆ ಅಂದಿದ್ದಾಳೆ. ಅವಳಿಗೂ ಪಟ್ಟಿಯಲ್ಲಿ ಒಂದು ಸಾಲು ಬಿಟ್ಟಿದ್ದೇನೆ, ಅದನ್ನು ಇನ್ನೂ ಅವಳಿಗೆ ಹೇಳಿಲ್ಲ.